ಯಾವ ಕೋಣೆಗೆ ಯಾವ ಬ್ಲೈಂಡ್? ಬಣ್ಣಕ್ಕಿಂತ ಮೊದಲು ಕಿಟಕಿ ನೋಡಿ

ಹೊಸ ಮನೆಗೆ ಹೋದಾಗ, ಮಗು ಹುಟ್ಟಿದಾಗ, ಮನೆಯಿಂದಲೇ ಕೆಲಸ ಶುರುವಾಗಿ ಮಧ್ಯಾಹ್ನವೆಲ್ಲ ಕಂಪ್ಯೂಟರ್ ಪರದೆ ಮೇಲೆ ಬಿಸಿಲು ಬೀಳಲು ತೊಡಗಿದಾಗ, ಅಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಳ್ಳದ ಕಿಟಕಿ ಒಂದು ದೊಡ್ಡ ವಿಷಯವಾಗುತ್ತದೆ. ಬ್ಲೈಂಡ್ ಹಾಕಿಸೋಣ ಅಂತ ಹೊರಟರೆ ಮೊದಲು ಕೈಗೆ ಸಿಗುವುದು ಬಟ್ಟೆಯ ತುಂಡುಗಳ ದಪ್ಪ ಪುಸ್ತಕ. ನೂರಾರು ಬಣ್ಣ, ಹತ್ತಾರು ನೇಯ್ಗೆ. ಗೋಡೆಗೆ ಯಾವುದು ಒಪ್ಪುತ್ತದೆ, ಸೋಫಾಗೆ ಯಾವುದು ಒಪ್ಪುತ್ತದೆ ಅಂತ ತಿರುವಿ ಹಾಕಿ ಸುಸ್ತಾಗಿ, ಕೊನೆಗೆ ಒಂದನ್ನು ತೋರಿಸಿ ಇಡೀ ಮನೆಗೆ ಇದೇ ಇರಲಿ ಅಂದುಬಿಡುವವರೇ ಜಾಸ್ತಿ. ತೊಂದರೆ ಕಾಣುವುದು ಆಮೇಲೆ. ಮಲಗುವ ಕೋಣೆಯಲ್ಲಿ ಬೆಳಗಾಗುವ ಮೊದಲೇ ಮುಖಕ್ಕೆ ಬೆಳಕು ಹೊಡೆಯುತ್ತದೆ. ಬಚ್ಚಲಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ರಾತ್ರಿ ದೀಪ ಹಾಕಿದರೆ ಹೊರಗಿನವರಿಗೆ ಒಳಗಿನದೆಲ್ಲ ಕಾಣುತ್ತದೆ.

ಬಣ್ಣವೂ ಮುಖ್ಯವೇ. ಆದರೆ ಅದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ ಇದು: ಈ ಕಿಟಕಿಯಿಂದ ಯಾವ ಹೊತ್ತಿನಲ್ಲಿ ನಿಮಗೆ ಏನು ತೊಂದರೆ? ಇದಕ್ಕೆ ಒಂದೇ ಮನೆಯ ಎರಡು ಕಿಟಕಿಗಳೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಬ್ಲೈಂಡ್‌ನಲ್ಲಿ ಎಷ್ಟು ಬಗೆ

ಕರ್ಟನ್ ಅಂದರೆ ಪಕ್ಕಕ್ಕೆ ಸರಿಸುವ ಬಟ್ಟೆ. ನೆರಿಗೆ ನೆರಿಗೆಯಾಗಿ ತೂಗುತ್ತದೆ, ಕಿಟಕಿಗಿಂತ ದೊಡ್ಡದಾಗಿರುತ್ತದೆ. ಬ್ಲೈಂಡ್ ಹಾಗಲ್ಲ. ಅದನ್ನು ಕಿಟಕಿಯ ಅಳತೆಗೇ ಮಾಡಿರುತ್ತಾರೆ, ಮೇಲೆ ಕೆಳಗೆ ಎಳೆಯಬಹುದು ಅಥವಾ ಅದರ ಪಟ್ಟಿಗಳನ್ನು ತಿರುಗಿಸಬಹುದು. ಕಡಿಮೆ ಜಾಗ ಸಾಕು, ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಸರಳವಾದದ್ದು ರೋಲರ್ ಬ್ಲೈಂಡ್. ಒಂದು ಕೊಳವೆ, ಅದಕ್ಕೆ ಸುತ್ತಿದ ಒಂದು ಬಟ್ಟೆ, ಅಷ್ಟೇ. ಇದರಲ್ಲಿ ಎಲ್ಲವೂ ಬಟ್ಟೆಯ ಮೇಲೆ ನಿಂತಿದೆ. ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕ್‌ಔಟ್ ಬಟ್ಟೆಯೂ ಇದೆ, ಬೆಳಕನ್ನು ಸೋಸಿ ಮೆದುವಾಗಿ ಬಿಡುವ ಬಟ್ಟೆಯೂ ಇದೆ, ಸಣ್ಣ ಸಣ್ಣ ಕಿಂಡಿಗಳಿರುವ ಸನ್‌ಸ್ಕ್ರೀನ್ ಬಟ್ಟೆಯೂ ಇದೆ.

ಅಡ್ಡ ಪಟ್ಟಿಗಳಿರುವುದು ವೆನಿಶಿಯನ್ ಬ್ಲೈಂಡ್. ಅಲ್ಯುಮಿನಿಯಂ, ಮರ ಅಥವಾ ಪಿವಿಸಿ ಪಟ್ಟಿಗಳು. 25 ಮಿಲಿಮೀಟರ್ ಮತ್ತು 50 ಮಿಲಿಮೀಟರ್ ಅಗಲದವು ಹೆಚ್ಚಾಗಿ ಸಿಗುತ್ತವೆ. ಇದು ಹಳೆಯ ಉಪಾಯ. ಲಂಡನ್‌ನಲ್ಲಿ ಎಡ್ವರ್ಡ್ ಬೆವನ್ ಎಂಬವರು 1769ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಂದಿಗೂ ಬೆಳಕಿನ ದಿಕ್ಕನ್ನೇ ಬದಲಿಸಬೇಕಾದಾಗ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅದೇ ಪಟ್ಟಿಗಳು ನೆಟ್ಟಗೆ ನಿಂತು ಮೇಲಿನಿಂದ ತೂಗಿದರೆ ಅದು ವರ್ಟಿಕಲ್ ಬ್ಲೈಂಡ್. ದೊಡ್ಡ ಜಾರು ಬಾಗಿಲು, ಬಾಲ್ಕನಿಯ ಗಾಜಿನ ಗೋಡೆ, ಇಂಥ ಕಡೆ ಇದು ಸರಿಹೋಗುತ್ತದೆ, ಯಾಕೆಂದರೆ ಬಾಗಿಲಿನ ಹಾಗೆಯೇ ಇದೂ ಪಕ್ಕಕ್ಕೆ ಸರಿಯುತ್ತದೆ.

ರೋಮನ್ ಬ್ಲೈಂಡ್ ಮೇಲೆಳೆದಾಗ ಬಟ್ಟೆ ಮಡಿಕೆ ಮಡಿಕೆಯಾಗಿ ಕೂರುತ್ತದೆ. ನೋಡಲು ಕರ್ಟನ್ನಿನಷ್ಟೇ ಬೆಚ್ಚಗೆ. ಜೀಬ್ರಾ ಬ್ಲೈಂಡ್‌ನಲ್ಲಿ ಒಂದು ತೆಳು ಪಟ್ಟೆ, ಒಂದು ದಟ್ಟ ಪಟ್ಟೆ ಹೀಗೆ ನೇಯ್ದ ಬಟ್ಟೆ ಎರಡು ಪದರವಾಗಿ ಇಳಿಯುತ್ತದೆ. ತೆಳುವಿನ ಎದುರು ತೆಳು ಬಂದರೆ ಬೆಳಕು, ತೆಳುವಿನ ಎದುರು ದಟ್ಟ ಬಂದರೆ ಮರೆ. ಹನಿಕೂಂಬ್ ಬ್ಲೈಂಡ್‌ನ ಬಟ್ಟೆಯಲ್ಲಿ ಜೇನುಗೂಡಿನಂಥ ಟೊಳ್ಳು ಕೋಶಗಳಿರುತ್ತವೆ. ಅವುಗಳಲ್ಲಿ ನಿಂತ ಗಾಳಿಯೇ ಶಾಖವನ್ನು ತಡೆಯುತ್ತದೆ.

ಬೆಳಕು ತಡೆಯುವುದು ಬೇರೆ, ನೋಟ ತಡೆಯುವುದು ಬೇರೆ

ಬ್ಲೈಂಡ್ ವಿಷಯದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ. ಹಗಲಿನಲ್ಲಿ ಅಂಗಡಿಯಲ್ಲಿ ನಿಂತು ಸನ್‌ಸ್ಕ್ರೀನ್ ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡುತ್ತೇವೆ. ಒಳಗಿನಿಂದ ಹೊರಗೆ ಚೆನ್ನಾಗಿ ಕಾಣುತ್ತದೆ, ಹೊರಗಿನಿಂದ ಒಳಗೆ ಏನೂ ಕಾಣುವುದಿಲ್ಲ. ಎರಡೂ ಸಿಕ್ಕಿತಲ್ಲ ಅಂತ ಖುಷಿಯಾಗುತ್ತದೆ. ಆದರೆ ಆ ಮರೆ ಬಟ್ಟೆಯಿಂದ ಬಂದದ್ದಲ್ಲ, ಬೆಳಕಿನ ವ್ಯತ್ಯಾಸದಿಂದ ಬಂದದ್ದು. ಕಿಂಡಿಗಳಿರುವ ಯಾವುದೇ ಬಟ್ಟೆಯ ಮೂಲಕ ಕತ್ತಲಿನ ಕಡೆಯಿಂದ ಬೆಳಕಿನ ಕಡೆಗೆ ನೋಡಿದರೆ ಕಾಣುತ್ತದೆ. ಬೆಳಕಿನ ಕಡೆ ನಿಂತು ಕತ್ತಲಿನ ಕಡೆ ನೋಡಿದರೆ ಕಾಣುವುದಿಲ್ಲ. ಹಗಲು ಹೊರಗೆ ಬೆಳಕು, ಒಳಗೆ ಮಬ್ಬು. ಹಾಗಾಗಿ ನೀವು ಕಾಣುವುದಿಲ್ಲ. ಸಂಜೆ ಒಳಗೆ ದೀಪ ಹಾಕಿದ ಕೂಡಲೇ ಇದು ತಿರುಗುಮುರುಗು. ಆಗ ನಿಮಗೆ ಹೊರಗೆ ಕಾಣುವುದಿಲ್ಲ, ಹೊರಗಿನವರಿಗೆ ನೀವು ಕಾಣುತ್ತೀರಿ.

ಇನ್ನೊಂದು ಬದಿಯೂ ಇದೆ. ಬೆಳಕನ್ನು ಸೋಸಿ ಬಿಡುವ ಹಾಲುಬಿಳುಪಿನ ಬಟ್ಟೆ ಬೆಳಕನ್ನು ಅಷ್ಟೇನೂ ತಡೆಯುವುದಿಲ್ಲ, ಆದರೆ ಅದನ್ನು ಚದುರಿಸುತ್ತದೆ. ಹಾಗಾಗಿ ನೋಟಕ್ಕೆ ಮರೆ ಸಿಗುತ್ತದೆ. ರಾತ್ರಿ ದೀಪ ಹಾಕಿದರೆ ಬಟ್ಟೆಗೆ ಹತ್ತಿರ ನಿಂತವರ ನೆರಳು ಮೂಡಬಹುದು, ಮುಖ ಮೂಡುವುದಿಲ್ಲ. ಹೀಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಎಷ್ಟು ಬೆಳಕು ಬರುತ್ತದೆ ಅಂತ ಮಾತ್ರ ಅಲ್ಲ. ರಾತ್ರಿ ಒಳಗೆ ದೀಪ ಉರಿಯುವಾಗ ಹೊರಗಿನಿಂದ ಏನು ಕಾಣುತ್ತದೆ ಅಂತಲೂ ಕೇಳಬೇಕು.

ಸನ್‌ಸ್ಕ್ರೀನ್ ಬಟ್ಟೆಯ ಮೇಲೆ 1%, 3%, 5%, 10% ಅಂತ ಬರೆದಿರುತ್ತದೆ. ಇದನ್ನು ಓಪನ್‌ನೆಸ್ ಅನ್ನುತ್ತಾರೆ. ಬಟ್ಟೆಯ ಒಟ್ಟು ಹರವಿನಲ್ಲಿ ಕಿಂಡಿಗಳ ಪಾಲು ಎಷ್ಟು ಅಂತ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಹೊರನೋಟ ಚೆನ್ನ, ಬಿಸಿಲಿನ ತಡೆ ಕಡಿಮೆ. ಇಳಿಬಿಸಿಲು ನೇರ ಕಣ್ಣಿಗೆ ಬೀಳುವ ಕಿಟಕಿಗೆ 1% ಅಥವಾ 3% ಬೇಕು, ಬಿಸಿಲು ನೇರ ಬೀಳದ ಕಿಟಕಿಗೆ 10% ನಡೆಯುತ್ತದೆ. ಇಲ್ಲಿ ಬಣ್ಣದ ಮಾತೂ ಬರುತ್ತದೆ, ಅದೂ ಸ್ವಲ್ಪ ತಲೆಕೆಳಗಾಗಿ. ಹೊರನೋಟ ಸ್ಪಷ್ಟವಾಗಿ ಕಾಣುವುದು ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆಯಲ್ಲಿ. ಬಿಳಿ ಎಳೆಗಳು ಬಿಸಿಲಿಗೆ ತಾವೇ ಹೊಳೆಯುತ್ತವೆ, ಆ ಹೊಳಪಿನ ಹಿಂದಿರುವುದು ಕಣ್ಣಿಗೆ ಮಸುಕಾಗುತ್ತದೆ. ಶಾಖ ತಡೆಯಲು ಮಾತ್ರ ಬಿಳಿಯೇ ಮೇಲು. ಎರಡೂ ಬೇಕಾದವರಿಗೆ ಹೊರಮೈ ಬಿಳಿ, ಒಳಮೈ ಗಾಢ ಇರುವ ಬಟ್ಟೆಯೂ ಇದೆ.

ಶಾಖ ಒಳಗೆ ಬರುವ ಬಗೆ

ಬಿಸಿಲಿನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣ. ಉಳಿದದ್ದರಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಬೆಳಕು, ಒಂದು ಸಣ್ಣ ಪಾಲು ನೇರಳಾತೀತ ಕಿರಣ. ಸಾಮಾನ್ಯ ಗಾಜು ಇದರಲ್ಲಿ ಹೆಚ್ಚಿನದನ್ನು ಒಳಗೆ ಬಿಡುತ್ತದೆ. ಒಳಗೆ ಬಂದ ಬಿಸಿಲು ನೆಲ, ಸೋಫಾ, ಬ್ಲೈಂಡ್ ಯಾವುದರ ಮೇಲೆ ಬಿದ್ದರೂ ಅದನ್ನು ಬಿಸಿ ಮಾಡುತ್ತದೆ. ಬಿಸಿಯಾದ ವಸ್ತು ತಾನೂ ಶಾಖವನ್ನು ಹೊರಸೂಸುತ್ತದೆ. ಆದರೆ ಆ ಕಿರಣಗಳ ಅಲೆ ಉದ್ದ, ಗಾಜು ಅವನ್ನು ಹೊರಗೆ ಬಿಡುವುದಿಲ್ಲ. ಬರುವಾಗ ಬಿಟ್ಟು ಹೋಗುವಾಗ ತಡೆಯುವುದರಿಂದಲೇ ಗಾಜಿನ ಕೋಣೆ ಬೇಗ ಕಾಯುತ್ತದೆ.

ಒಳಗಡೆ ಹಾಕಿದ ಬ್ಲೈಂಡ್ ಕೆಲಸ ಶುರು ಮಾಡುವುದು ಬಿಸಿಲು ಗಾಜು ದಾಟಿದ ಮೇಲೆ. ಮಳೆಯಲ್ಲಿ ಅರ್ಧ ನೆನೆದ ಮೇಲೆ ಕೊಡೆ ಬಿಚ್ಚಿದ ಹಾಗೆ. ಪ್ರಯೋಜನ ಇದೆ, ಪೂರ್ತಿ ಇಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ, ಎರಡು ಪದರ ಗಾಜಿನ ಸಾಮಾನ್ಯ ಕಿಟಕಿಯ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ 76ರಷ್ಟು ಒಳಗೆ ಬಂದು ಶಾಖವಾಗುತ್ತದೆ. ಚೆನ್ನಾಗಿ ಪ್ರತಿಫಲಿಸುವ ಬ್ಲೈಂಡನ್ನು ಪೂರ್ತಿ ಇಳಿಸಿ ಮುಚ್ಚಿದರೆ ಬಿಸಿಲಿನಿಂದ ಬರುವ ಶಾಖ ಸುಮಾರು ಶೇ 45ರಷ್ಟು ಕಡಿಮೆಯಾಗುತ್ತದೆ. ಪ್ರತಿಫಲಿಸುವ ಅನ್ನುವುದೇ ಇಲ್ಲಿ ಮುಖ್ಯ. ಗಾಜಿನ ಕಡೆಗಿರುವ ಮೈ ಬಿಳಿ ಅಥವಾ ಬೆಳ್ಳಿ ಬಣ್ಣದ್ದಾಗಿದ್ದರೆ ಬಿಸಿಲು ಬಿಸಿಲಾಗಿಯೇ ತಿರುಗಿ ಗಾಜಿನಾಚೆ ಹೋಗುತ್ತದೆ. ಗಾಢ ಬಣ್ಣವಾದರೆ ಬಟ್ಟೆ ತಾನೇ ಕಾದು ಕೋಣೆಗೆ ಝಳ ಬಿಡುತ್ತದೆ. ಕೋಣೆಯ ಕಡೆಗಿರುವ ಮೈ ಯಾವ ಬಣ್ಣದ್ದಾದರೂ ಅಷ್ಟು ವ್ಯತ್ಯಾಸವಿಲ್ಲ, ಅದನ್ನು ಗೋಡೆಗೆ ಹೊಂದಿಸಿಕೊಳ್ಳಿ.

ಬಿಸಿಲಿನ ಕಾಟ ತೀರಾ ಜಾಸ್ತಿ ಇದ್ದರೆ ಕಿಟಕಿಯ ಹೊರಗೇ ಏನಾದರೂ ಹಾಕುವುದು ಸರಿಯಾದ ದಾರಿ. ಚಾವಣಿಯ ಚಾಚು, ಹೊರಗಿನ ಸನ್‌ಸ್ಕ್ರೀನ್, ಶಟರ್, ಯಾವುದಾದರೂ ಆಗಬಹುದು. ಹೊರಗೆ ಕಾದ ಬಟ್ಟೆಯ ಶಾಖ ಹೊರಗಿನ ಗಾಳಿಗೇ ಹೋಗುತ್ತದೆ. ಬಾಡಿಗೆ ಮನೆಯಲ್ಲೋ ಎತ್ತರದ ಮಹಡಿಯಲ್ಲೋ ಇದು ಆಗದ ಮಾತು, ಆಗ ಬಿಳಿ ಬೆನ್ನಿನ ಒಳಬ್ಲೈಂಡ್ ಹಾಕಿ, ಬಿಸಿಲು ಕಿಟಕಿಗೆ ತಾಗುವ ಮೊದಲೇ ಇಳಿಸಿ. ಕೋಣೆ ಕಾದ ಮೇಲೆ ಇಳಿಸಿದರೆ ಅರ್ಧ ಲಾಭ ಹೋಯಿತು.

ಚಳಿ ಜಾಸ್ತಿ ಇರುವ ಕಡೆ ಲೆಕ್ಕ ಬೇರೆ. ಅಲ್ಲಿ ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯಬೇಕು. ಅಂಚುಗಳಿಗೆ ಒತ್ತಿ ಕೂತ ಹನಿಕೂಂಬ್ ಬ್ಲೈಂಡ್ ಕಿಟಕಿಯಿಂದ ಸೋರುವ ಶಾಖವನ್ನು ಶೇ 40 ಅಥವಾ ಅದಕ್ಕೂ ಹೆಚ್ಚು ಕಡಿಮೆ ಮಾಡಬಲ್ಲದು ಅಂತ ಅದೇ ಇಲಾಖೆ ಹೇಳುತ್ತದೆ. ಆದರೆ ಆಗ ಗಾಜು ತುಂಬ ತಣ್ಣಗಾಗಿ ಒಳಮೈ ಬೆವರಬಹುದು. ಬೆಳಿಗ್ಗೆ ಬ್ಲೈಂಡ್ ಎತ್ತಿ ಗಾಜಿಗೆ ಗಾಳಿ ಆಡಲು ಬಿಡಬೇಕು.

ದಿಕ್ಕು ಮತ್ತು ಪಟ್ಟಿಯ ಓರೆ

ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲು, ಪಶ್ಚಿಮದ ಕಿಟಕಿಗೆ ಸಂಜೆಯ ಬಿಸಿಲು. ಎರಡೂ ಹೊತ್ತಿನಲ್ಲಿ ಸೂರ್ಯ ತಗ್ಗಿನಲ್ಲಿರುತ್ತಾನೆ. ಬಿಸಿಲು ಅಡ್ಡಡ್ಡವಾಗಿ ಕೋಣೆಯ ಒಳಗೋಡೆವರೆಗೂ ನುಗ್ಗುತ್ತದೆ, ಚಾವಣಿಯ ಚಾಚು ಅದನ್ನು ತಡೆಯಲಾರದು. ಪಶ್ಚಿಮದ್ದು ಹೆಚ್ಚು ಕಾಡುತ್ತದೆ, ಯಾಕೆಂದರೆ ಆ ಹೊತ್ತಿಗೆ ಮನೆ, ಗಾಳಿ ಎಲ್ಲ ಆಗಲೇ ಕಾದಿರುತ್ತವೆ. ಇಂಥ ಕಿಟಕಿಗೆ ಅಡ್ಡ ಪಟ್ಟಿಯ ಬ್ಲೈಂಡ್ ಹಾಕಿದರೆ ಬಿಸಿಲು ತಡೆಯಲು ಅದನ್ನು ಹೆಚ್ಚು ಕಡಿಮೆ ಪೂರ್ತಿ ಮುಚ್ಚಬೇಕಾಗುತ್ತದೆ. ಸೂರ್ಯ ಕಿಟಕಿಯ ಒಂದು ಮಗ್ಗುಲಿಂದ ಬರುತ್ತಿದ್ದರೆ ನೆಟ್ಟಗಿನ ಪಟ್ಟಿಗಳು ವಾಸಿ. ಅವನ್ನು ಸೂರ್ಯನಿಗೆ ಬೆನ್ನು ಮಾಡಿ ತಿರುಗಿಸಿ, ಇನ್ನೊಂದು ಮಗ್ಗುಲಿನ ನೋಟವನ್ನು ಉಳಿಸಿಕೊಳ್ಳಬಹುದು.

ನಡುಹಗಲಿನ ಎತ್ತರದ ಬಿಸಿಲು ಬೀಳುವ ಕಡೆ ಅಡ್ಡ ಪಟ್ಟಿಗಳು ಗೆಲ್ಲುತ್ತವೆ. ಪಟ್ಟಿಯನ್ನು ಚಪ್ಪಟೆಯಾಗಿ ಇಟ್ಟರೆ ಬಿಸಿಲು ಅದರ ಮೇಲ್ಮೈಗೆ ಬಡಿದು ಚಾವಣಿ ಕಡೆಗೆ ಹೋಗುತ್ತದೆ, ಅಲ್ಲಿಂದ ಕೋಣೆಗೆಲ್ಲ ಹರಡುತ್ತದೆ. ಕಣ್ಣು ಕುಕ್ಕುವುದಿಲ್ಲ, ಕತ್ತಲೂ ಆಗುವುದಿಲ್ಲ.

ಪಟ್ಟಿಯನ್ನು ಯಾವ ಕಡೆಗೆ ಓರೆ ಮಾಡಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇದು ಗೊತ್ತಿದ್ದರೆ ಅದೇ ಬ್ಲೈಂಡ್ ಎರಡು ಪಟ್ಟು ಉಪಯೋಗಕ್ಕೆ ಬರುತ್ತದೆ. ಕೋಣೆಯ ಕಡೆಗಿನ ಅಂಚು ಮೇಲೆ, ಗಾಜಿನ ಕಡೆಗಿನ ಅಂಚು ಕೆಳಗೆ ಇದ್ದರೆ ಮೇಲಿನಿಂದ ಬರುವ ಬಿಸಿಲು ನಿಲ್ಲುತ್ತದೆ, ಎದುರು ಕಟ್ಟಡದ ಮೇಲಿನ ಮಹಡಿಯವರಿಗೆ ಒಳಗೆ ಕಾಣುವುದಿಲ್ಲ. ನಿಮಗೆ ಕೆಳಗಿನ ಅಂಗಳ ಕಾಣುತ್ತದೆ. ಇದಕ್ಕೆ ಉಲ್ಟಾ, ಅಂದರೆ ಕೋಣೆಯ ಕಡೆಗಿನ ಅಂಚು ಕೆಳಗೆ ಇದ್ದರೆ ಆಕಾಶದ ಬೆಳಕು ಒಳಗೆ ಇಳಿಯುತ್ತದೆ, ಬೀದಿಯಲ್ಲಿ ನಡೆದು ಹೋಗುವವರ ಕಣ್ಣಿಗೆ ಪಟ್ಟಿ ಅಡ್ಡ ಬರುತ್ತದೆ. ನೆಲಮಹಡಿಯವರಿಗೆ ಎರಡನೆಯದು, ಎದುರಿಗೆ ಎತ್ತರದ ಕಟ್ಟಡ ಇರುವವರಿಗೆ ಮೊದಲನೆಯದು.

ಮಲಗುವ ಕೋಣೆ

ಇಲ್ಲಿ ಕತ್ತಲೇ ಮುಖ್ಯ. ಕಣ್ಣು ಮುಚ್ಚಿದ್ದರೂ ರೆಪ್ಪೆಯ ಮೂಲಕ ಬೆಳಕು ಒಳಗೆ ಹೋಗುತ್ತದೆ. ಕತ್ತಲಾದಾಗ ಮೆದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ನಿದ್ದೆಯ ಹೊತ್ತಾಯಿತು ಅಂತ ದೇಹಕ್ಕೆ ತಿಳಿಸುವುದು ಅದೇ. ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, 100 ಲಕ್ಸ್ ಬೆಳಕಿನಲ್ಲಿ ಒಂದೇ ರಾತ್ರಿ ಮಲಗಿದವರಲ್ಲೂ ರಾತ್ರಿಯ ಎದೆಬಡಿತ ಹೆಚ್ಚಿತ್ತು, ಮರುದಿನ ಬೆಳಿಗ್ಗೆ ಇನ್ಸುಲಿನ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿರಲಿಲ್ಲ. ಲಕ್ಸ್ ಅಂದರೆ ಬೆಳಕು ಎಷ್ಟು ಬೀಳುತ್ತಿದೆ ಅಂತ ಅಳೆಯುವ ಮಾನ. 100 ಲಕ್ಸ್ ಅಂದರೆ ಸಾಧಾರಣ ಬೆಳಕಿನ ಕೋಣೆ, ಕಣ್ಣು ಕುಕ್ಕುವಂಥದ್ದೇನೂ ಅಲ್ಲ.

ಹಾಗಾಗಿ ಬ್ಲ್ಯಾಕ್‌ಔಟ್ ಬಟ್ಟೆ. ಆದರೆ ಬಟ್ಟೆ ಬ್ಲ್ಯಾಕ್‌ಔಟ್ ಆದ ಮಾತ್ರಕ್ಕೆ ಕೋಣೆ ಕತ್ತಲಾಗುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ರೋಲರ್ ಬ್ಲೈಂಡ್‌ನಲ್ಲಿ ಕೊಳವೆಯನ್ನು ಹಿಡಿಯುವ ಬ್ರಾಕೆಟ್‌ಗೆ ಎರಡೂ ಬದಿಯಲ್ಲಿ ಜಾಗ ಬೇಕು. ಆದ್ದರಿಂದ ಬಟ್ಟೆ ಯಾವಾಗಲೂ ಬ್ಲೈಂಡ್‌ನ ಅಗಲಕ್ಕಿಂತ ಸ್ವಲ್ಪ ಕಿರಿದು. ಚೌಕಟ್ಟಿನ ಒಳಗೆ ಕೂರಿಸಿದರೆ ಎರಡೂ ಪಕ್ಕದಲ್ಲಿ ಒಂದೊಂದು ಬೆಳಕಿನ ಗೆರೆ ಖಂಡಿತ. ನಿಜವಾದ ಕತ್ತಲು ಬೇಕಿದ್ದರೆ ಬ್ಲೈಂಡನ್ನು ಚೌಕಟ್ಟಿನ ಹೊರಗೆ, ಗೋಡೆಯ ಮೇಲೆ ಹಾಕಿ ನಾಲ್ಕೂ ಕಡೆ ಕಿಟಕಿಯನ್ನು ದಾಟುವಂತೆ ಮಾಡಬೇಕು. ಅಥವಾ ಪಕ್ಕದಲ್ಲಿ ಬಟ್ಟೆ ಜಾರುವ ಹಳಿಗಳನ್ನು ಹಾಕಿಸಬೇಕು. ಸುಲಭದ ದಾರಿ ಇನ್ನೊಂದಿದೆ: ಬ್ಲೈಂಡ್ ಮೇಲೆ ಒಂದು ದಪ್ಪ ಕರ್ಟನ್. ಗೆರೆಗಳು ಮುಚ್ಚಿಹೋಗುತ್ತವೆ.

ವೆನಿಶಿಯನ್, ವರ್ಟಿಕಲ್, ಜೀಬ್ರಾ ಯಾವುದೂ ಪೂರ್ತಿ ಕತ್ತಲು ಕೊಡಲಾರವು. ಪಟ್ಟಿಗಳ ನಡುವೆ, ದಾರ ಹೋಗುವ ತೂತುಗಳಲ್ಲಿ ಬೆಳಕು ನುಸುಳುತ್ತದೆ. ಜೀಬ್ರಾದಲ್ಲಿ ದಟ್ಟ ಪಟ್ಟೆ ಬ್ಲ್ಯಾಕ್‌ಔಟ್ ಬಟ್ಟೆಯದ್ದೇ ಆಗಿದ್ದರೂ ಎರಡು ಪದರಗಳ ನಡುವಿನ ಸಂದಿಯಿಂದ ಬೆಳಕು ಬರುತ್ತದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇವನ್ನು ಮಲಗುವ ಕೋಣೆಗೆ ಹಾಕಿಸಬೇಡಿ.

ಮಕ್ಕಳಿರುವ ಮನೆ: ದಾರದ ವಿಷಯ

ಇದು ಅಂದ ಚಂದದ ಮಾತಲ್ಲ, ಪ್ರಾಣದ ಮಾತು. ಬ್ಲೈಂಡ್ ಎಳೆಯುವ ದಾರ ಅಥವಾ ಮಣಿಗಳ ಚೈನು ಕುಣಿಕೆಯಾಗಿ ತೂಗುತ್ತಿರುತ್ತದೆ. ಆಡುವ ಮಗುವಿನ ಕುತ್ತಿಗೆಗೆ ಅದು ಸಿಕ್ಕಿಕೊಂಡರೆ ಒಂದು ನಿಮಿಷವೂ ಬೇಕಾಗುವುದಿಲ್ಲ, ಮಗುವಿಗೆ ಕೂಗಲೂ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದ ದೊಡ್ಡವರಿಗೆ ಏನೂ ಕೇಳಿಸುವುದಿಲ್ಲ. ಇಂಥ ಸಾವುಗಳು ಹಲವು ದೇಶಗಳಲ್ಲಿ ಆದ ಮೇಲೆಯೇ ನಿಯಮಗಳು ಬಂದವು. ಯುರೋಪಿನ ಇಎನ್ 13120 ಎಂಬ ಮಾನದಂಡವನ್ನು 2014ರಲ್ಲಿ ಬಿಗಿ ಮಾಡಿದರು. ಅಮೆರಿಕದಲ್ಲಿ 2024ರ ಜೂನ್ 1ರಿಂದ ಜಾರಿಗೆ ಬಂದ ಮಾನದಂಡ, ಅಳತೆ ಕೊಟ್ಟು ಮಾಡಿಸುವ ಬ್ಲೈಂಡ್‌ಗಳ ಅಪಾಯದ ದಾರಗಳನ್ನೂ ನಿರ್ಬಂಧಿಸಿದೆ.

ಮಗು ಇರುವ, ಅಥವಾ ಮಗು ಬಂದು ಹೋಗುವ ಮನೆಗೆ ದಾರವಿಲ್ಲದ ಬ್ಲೈಂಡ್ ಕೇಳಿ. ಕೆಳಗಿನ ಪಟ್ಟಿಯನ್ನು ಕೈಯಲ್ಲೇ ಹಿಡಿದು ಎತ್ತುವ ಸ್ಪ್ರಿಂಗ್ ಬಗೆ ಇದೆ, ಮೋಟಾರ್ ಇರುವುದೂ ಇದೆ. ಹಳೆಯ ಬ್ಲೈಂಡ್ ಈಗಾಗಲೇ ಇದ್ದರೆ ಚೈನನ್ನು ಬಿಗಿಯಾಗಿ ಎಳೆದು ಗೋಡೆಗೆ ಕಚ್ಚಿಸುವ ಹಿಡಿಕೆ ಹಾಕಿಸಿ, ದಾರವಾದರೆ ನೆಲದಿಂದ ಕನಿಷ್ಠ 150 ಸೆಂಟಿಮೀಟರ್ ಎತ್ತರದ ಕೊಕ್ಕೆಗೆ ಸುತ್ತಿಡಿ. ಆದರೂ ದಾರವೇ ಇಲ್ಲದಿರುವುದಕ್ಕೆ ಇವು ಸಮನಲ್ಲ. ತೊಟ್ಟಿಲು, ಮಂಚ, ಕುರ್ಚಿ, ಆಟದ ಪೆಟ್ಟಿಗೆ ಯಾವುದನ್ನೂ ಕಿಟಕಿ ಹತ್ತಿರ ಇಡಬೇಡಿ. ಹತ್ತಲು ಏನಾದರೂ ಸಿಕ್ಕರೆ ಮಕ್ಕಳು ಹತ್ತೇ ಹತ್ತುತ್ತಾರೆ ಅಲ್ವಾ.

ಹಾಲ್ ಮತ್ತು ಓದುವ ಕೋಣೆ

ಹಾಲ್‌ಗೆ ಒಂದೇ ಬ್ಲೈಂಡ್ ಎಲ್ಲ ಹೊತ್ತಿಗೂ ಸಾಲುವುದಿಲ್ಲ, ಯಾಕೆಂದರೆ ಅಲ್ಲಿ ಬೆಳಿಗ್ಗೆ ಒಂದು ಕೆಲಸ, ಸಂಜೆ ಇನ್ನೊಂದು. ಹಗಲು ಹೊರನೋಟ ಬೇಕು, ರಾತ್ರಿ ಮರೆ ಬೇಕು. ಇದಕ್ಕೆ ನನಗೆ ಹೆಚ್ಚು ಸರಿ ಅನ್ನಿಸುವುದು ಎರಡು ಪದರ: ಗಾಜಿನ ಹತ್ತಿರ ಸನ್‌ಸ್ಕ್ರೀನ್ ರೋಲರ್, ಅದರ ಮುಂದೆ ದಟ್ಟವಾದ ಇನ್ನೊಂದು ರೋಲರ್ ಅಥವಾ ಕರ್ಟನ್. ಎರಡು ಕೊಳವೆ ಹಿಡಿಯುವ ಜೋಡಿ ಬ್ರಾಕೆಟ್ ಸಿಗುತ್ತದೆ. ಒಂದರಲ್ಲೇ ಮುಗಿಸಬೇಕು ಅನ್ನುವವರಿಗೆ ಜೀಬ್ರಾ ಅಥವಾ 50 ಮಿಲಿಮೀಟರ್ ಪಟ್ಟಿಯ ವೆನಿಶಿಯನ್ ಆದೀತು. ಬಿಸಿಲಿಗೆ ಸೋಫಾ, ಮರದ ನೆಲ, ಚಿತ್ರಗಳು ಮಾಸುವುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ನೇರಳಾತೀತ ಕಿರಣ ಮಾತ್ರ ಇದಕ್ಕೆ ಕಾರಣ ಅಂತ ಬಹಳ ಜನ ತಿಳಿದಿದ್ದಾರೆ. ಕಾಣುವ ಬೆಳಕೂ ಶಾಖವೂ ಬಣ್ಣವನ್ನು ಕೆಡಿಸುತ್ತವೆ.

ಓದುವ, ಕೆಲಸ ಮಾಡುವ ಕೋಣೆಯಲ್ಲಿ ಶತ್ರು ಬೆಳಕಲ್ಲ, ಬೆಳಕಿನ ಏರುಪೇರು. ನೇರ ಬಿಸಿಲು 1,00,000 ಲಕ್ಸ್‌ವರೆಗೂ ಇರಬಹುದು, ಮೇಜಿನ ಕೆಲಸಕ್ಕೆ ಬೇಕಾಗುವುದು 300ರಿಂದ 500. ಎರಡೂ ಒಂದೇ ನೋಟದಲ್ಲಿ ಇದ್ದರೆ ಕಣ್ಣು ಎರಡಕ್ಕೂ ಹೊಂದಿಕೊಳ್ಳಲಾರದೆ ದಣಿಯುತ್ತದೆ. ಬ್ಲ್ಯಾಕ್‌ಔಟ್ ಎಳೆದು ಹಗಲಲ್ಲೇ ದೀಪ ಹಾಕಿ ಕೂರುವುದು ಪರಿಹಾರ ಅಲ್ಲ. ಮೊದಲು ಮೇಜು ತಿರುಗಿಸಿ ನೋಡಿ. ಕಿಟಕಿ ನಿಮ್ಮ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕೆ ಇರಲಿ. ಇದಕ್ಕೆ ಖರ್ಚೇ ಇಲ್ಲ. ಆಮೇಲೂ ಕಣ್ಣು ಕುಕ್ಕಿದರೆ ಗಾಢ ಬಣ್ಣದ 3% ಸನ್‌ಸ್ಕ್ರೀನ್ ಅಥವಾ ಚಪ್ಪಟೆ ಇಟ್ಟ ವೆನಿಶಿಯನ್ ಪಟ್ಟಿ.

ಅಡುಗೆಮನೆ, ಬಚ್ಚಲು

ಅಡುಗೆಮನೆಯ ಬ್ಲೈಂಡ್‌ಗೆ ಎಣ್ಣೆಯ ಜಿಡ್ಡು ಹಿಡಿಯುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ. ರೋಮನ್ ಬ್ಲೈಂಡ್‌ನ ಮಡಿಕೆಯಲ್ಲಿ ಇದು ಕೂತರೆ ಬಿಚ್ಚಿ ಒಗೆಯದೆ ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಪಿವಿಸಿ ಲೇಪದ ರೋಲರ್ ಇಲ್ಲಿ ಸಾಕು. ಅಲ್ಯುಮಿನಿಯಂ ಪಟ್ಟಿಯೂ ಒರೆಸಲು ಬರುತ್ತದೆ, ಆದರೆ ಒಂದೊಂದೇ ಪಟ್ಟಿ ಒರೆಸಬೇಕು, ಆ ತಾಳ್ಮೆ ಇದೆಯಾ ಅಂತ ಕೇಳಿಕೊಳ್ಳಿ. ಒಲೆಯ ಹಿಂದೆಯೇ ಕಿಟಕಿ ಇದ್ದರೆ ಬಟ್ಟೆಯ ಬ್ಲೈಂಡ್ ಬೇಡವೇ ಬೇಡ. ಗಾಳಿಗೆ ಹಾರಿ ಉರಿಗೆ ತಾಗುವುದು ಕ್ಷಣದ ಕೆಲಸ.

ಬಚ್ಚಲಿನಲ್ಲಿ ತೇವ. ಮರದ ಪಟ್ಟಿ ಉಬ್ಬಿ ಸೊಟ್ಟಗಾಗುತ್ತದೆ, ಹತ್ತಿ ಲಿನನ್ ಬಟ್ಟೆಗೆ ಬೂಷ್ಟು ಬರುತ್ತದೆ. ಮರದಂತೆ ಕಾಣುವ ಪಿವಿಸಿ ಪಟ್ಟಿ, ಅಲ್ಯುಮಿನಿಯಂ, ನೀರು ಹೀರದ ರೋಲರ್, ಇವು ಮೂರೇ. ಬ್ರಾಕೆಟ್, ಸ್ಕ್ರೂ ಕೂಡ ತುಕ್ಕು ಹಿಡಿಯದವು ಬೇಕು, ಇದನ್ನು ಮರೆಯುವವರು ಬಹಳ. ಮರೆಯೂ ಬೇಕು ಬೆಳಕೂ ಬೇಕು ಅನ್ನುವುದಾದರೆ ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಬ್ಲೈಂಡ್ ಕೇಳಿ. ಕೆಳಗಿನ ಅರ್ಧ ಮುಚ್ಚಿ, ಮೇಲಿನ ಅರ್ಧ ತೆರೆದಿಡಬಹುದು. ಬೀದಿಗೆ ತೀರಾ ಹತ್ತಿರದ ಹಾಲ್‌ಗೂ ಇದು ಚೆನ್ನಾಗಿ ಹೊಂದುತ್ತದೆ.

ಅಳತೆ, ಆರ್ಡರ್

ಚೌಕಟ್ಟಿನ ಒಳಗೆ ಹಾಕುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆ ಇರುವುದನ್ನು ಬರೆದುಕೊಳ್ಳಿ. ಗೋಡೆಗಳು ಕಣ್ಣಿಗೆ ಕಾಣುವಷ್ಟು ನೇರ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡರಲ್ಲಿ ವ್ಯತ್ಯಾಸ ಬಂದರೆ ಕಿಟಕಿ ಸೊಟ್ಟಗಿದೆ, ಹೊರಗೆ ಹಾಕುವುದೇ ವಾಸಿ. ಹೊರಗೆ ಹಾಕಿದರೆ ಎರಡೂ ಪಕ್ಕ 75ರಿಂದ 100 ಮಿಲಿಮೀಟರ್ ಜಾಸ್ತಿ ಇರಲಿ. ಅಳೆಯಲು ಬಟ್ಟೆಯ ಟೇಪ್ ಬೇಡ, ಉಕ್ಕಿನದೇ ಬಳಸಿ.

ಕಿಟಕಿ ತೆರೆದು ಮುಚ್ಚಿ ನೋಡಿ. ಬಾಗಿಲು ಒಳಕ್ಕೆ ತೆರೆಯುತ್ತಾ? ಹಿಡಿಕೆ ಎಷ್ಟು ಮುಂದೆ ಚಾಚಿದೆ? ಸೊಳ್ಳೆ ಪರದೆ, ಗ್ರಿಲ್ ಎಲ್ಲಿದೆ? ಹಿಡಿಕೆ ಬಟ್ಟೆಗೆ ತಾಗುವಂತಿದ್ದರೆ, ಬಟ್ಟೆ ಕೊಳವೆಯ ಮುಂಬದಿಯಿಂದ ಇಳಿಯುವಂತೆ ರೋಲರನ್ನು ತಿರುಗಿಸಿ ಹಾಕಿಸಬಹುದು. ಬ್ಲೈಂಡನ್ನು ಪೂರ್ತಿ ಎತ್ತಿದಾಗಲೂ ವೆನಿಶಿಯನ್ ಪಟ್ಟಿಗಳ ಒಂದು ಕಟ್ಟು ಕಿಟಕಿಯ ಮೇಲ್ಭಾಗದಲ್ಲಿ ಉಳಿಯುತ್ತದೆ, ವರ್ಟಿಕಲ್‌ನದ್ದು ಪಕ್ಕದಲ್ಲಿ. ಆ ಜಾಗಕ್ಕೂ ಲೆಕ್ಕ ಹಾಕಿ. ತುಂಬ ಅಗಲದ ಕಿಟಕಿಗೆ ಒಂದೇ ರೋಲರ್ ಹಾಕಿದರೆ ಕೊಳವೆ ನಡುವೆ ಬಾಗಿ ಬಟ್ಟೆಯಲ್ಲಿ ಸುಕ್ಕು ಬರುತ್ತದೆ. ಎರಡು ಮೂರು ತುಂಡು ಮಾಡಿ, ನಡುವಿನ ಸಂದಿ ಕಿಟಕಿಯ ಕಂಬಕ್ಕೆ ನೇರ ಬರುವಂತೆ ಮಾಡಿಸಿ. ಕೈಗೆ ಎಟುಕದ ಎತ್ತರದ ಕಿಟಕಿಗೆ ಬ್ಯಾಟರಿ ಮೋಟಾರ್ ಅರ್ಥವುಳ್ಳ ಖರ್ಚು, ಕೈಗೆ ಸಿಗುವ ಕಿಟಕಿಗೆ ಅನುಕೂಲ ಅಷ್ಟೇ.

ಬಟ್ಟೆಯ ಮಾದರಿ ತುಂಡನ್ನು ಅಂಗಡಿಯಲ್ಲೇ ನೋಡಿ ಒಪ್ಪಬೇಡಿ, ಮನೆಗೆ ತನ್ನಿ. ಅದೇ ಕಿಟಕಿಯ ಗಾಜಿಗೆ ಟೇಪಿನಲ್ಲಿ ಅಂಟಿಸಿ, ಬಿಸಿಲು ಜೋರಾಗಿ ಬೀಳುವ ಹೊತ್ತಿನಲ್ಲಿ ಒಳಗಿನಿಂದ ನೋಡಿ, ಕತ್ತಲಾದ ಮೇಲೆ ದೀಪ ಹಾಕಿಟ್ಟು ಹೊರಗೆ ಹೋಗಿ ನೋಡಿ. ಬ್ಲ್ಯಾಕ್‌ಔಟ್ ಅಂತ ಕೊಟ್ಟ ತುಂಡಿನ ಹಿಂದೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಂಡರೆ ಬೇರೆ ಬಟ್ಟೆ ಕೇಳಿ. ಆರ್ಡರ್ ಬರೆಸುವಾಗ ಪ್ರತಿ ಕಿಟಕಿಗೂ ಒಂದು ಹೆಸರು ಕೊಟ್ಟು, ಅಗಲ ಮೊದಲು ಎತ್ತರ ಆಮೇಲೆ, ಒಳಗೋ ಹೊರಗೋ, ಚೈನ್ ಎಡಕ್ಕೋ ಬಲಕ್ಕೋ ಅಂತ ಬಿಡಿಸಿ ಬರೆಯಿರಿ. ಕೊಟ್ಟ ಅಳತೆ ಕಿಟಕಿಯ ಚೌಕಟ್ಟಿನದ್ದೋ, ಬಟ್ಟೆಯದ್ದೋ ಅನ್ನುವುದನ್ನೂ ಅದರಲ್ಲೇ ಸೇರಿಸಿ. ಅದು ಅಸ್ಪಷ್ಟವಾಗಿದ್ದರೆ ಮಾಡುವವರು ಬ್ರಾಕೆಟ್‌ಗೆಂದು ಇನ್ನೊಮ್ಮೆ ಅಳತೆ ಕಳೆಯುತ್ತಾರೆ, ಒಮ್ಮೆ ಕತ್ತರಿಸಿದ ಬ್ಲೈಂಡನ್ನು ಅಗಲ ಮಾಡಲು ಬರುವುದಿಲ್ಲ.